ಶಾವಿಗೆಯ ಮಣೆಗೆ ಇಬ್ಬರು ಬೇಕು

ಯುಗಾದಿಯ ಬೇವು ಕುಡಿದು ನಾಲ್ಕು ದಿನ ಕಳೆಯುವಷ್ಟರಲ್ಲಿ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಹೊಲಗಳು ಬಿರುಕು ಬಿಟ್ಟು ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತವೆ. ಹಿಂಗಾರಿಯ ಜೋಳ, ಗೋಧಿ, ಕಡಲೆ, ಕುಸುಬಿಗಳು ಕಣ ದಾಟಿ ಮನೆ ಸೇರಿರುತ್ತವೆ. ಹುಣಸೆಹಣ್ಣು ಬಡಿದಾಗಿರುತ್ತದೆ, ಕೆಂಪು ಮೆಣಸಿನಕಾಯಿ ಒಣಗಿರುತ್ತದೆ. ಮುಂಗಾರಿಯ ಹೆಸರು ಬಿತ್ತಲು ರೋಹಿಣಿ ಮಳೆಯ ದಾರಿ ಕಾಯಬೇಕು. ಮಲಪ್ರಭೆಯ ಕಾಲುವೆ ಹರಿದ ನರಗುಂದದ ಕಡೆ ಈ ಲೆಕ್ಕ ಕೊಂಚ ಬದಲಾಗಿದೆಯಾದರೂ ಒಣಬೇಸಾಯದ ಊರುಗಳಲ್ಲಿ ಇಂದಿಗೂ ಹೀಗೆಯೇ. ಮನೆಯಲ್ಲಿ ಹೊಸ ಕಾಳು, ಮೇಲೆ ತೇವವಿಲ್ಲದ ಉರಿಬಿಸಿಲು, ಕೈಗೆ ತುಸು ಬಿಡುವು. ಇವು ಮೂರೂ ಒಟ್ಟಿಗೆ ಕೂಡಿಬರುವ ಕಾಲ ವರ್ಷಕ್ಕೆ ಇದೊಂದೇ. ವರ್ಷವಿಡೀ ಬಳಸುವ ಶಾವಿಗೆ, ಹಪ್ಪಳ, ಸಂಡಿಗೆ, ಕುರುಡಿಗೆ, ಬಾಳಕದ ಮೆಣಸಿನಕಾಯಿಗಳನ್ನೆಲ್ಲ ನಮ್ಮ ಹಿರಿಯರು ಬೇಸಿಗೆಗೆಂದೇ ಇಟ್ಟುಕೊಂಡದ್ದು ಇದೇ ಕಾರಣಕ್ಕೆ.

ಮಕ್ಕಳಿಗೆ ಶಾಲೆಯ ರಜೆಯೂ ಇದೇ ಸಮಯಕ್ಕೆ ಬರುತ್ತದೆ. ಆದರೆ ಇಂದು ಮನೆಮನೆಯಲ್ಲಿ ತಾಯಂದಿರ ದೂರು ಒಂದೇ: ಮಕ್ಕಳು ಮೊಬೈಲಿನಿಂದ ತಲೆ ಎತ್ತುವುದಿಲ್ಲ, ಅಂಗಡಿಯ ಪೊಟ್ಟಣದ ತಿನಿಸಿಲ್ಲದೆ ಅವರಿಗೆ ಹೊತ್ತು ಹೋಗುವುದಿಲ್ಲ. ದೂರು ನಿಜವೇ. ಆದರೆ ಆ ಮಕ್ಕಳ ಕೈಗೆ ನಾವು ಬೇರೇನು ಕೊಟ್ಟಿದ್ದೇವೆ ಎಂದು ಕೇಳಿಕೊಂಡರೆ ನಮ್ಮಲ್ಲಿ ಅನೇಕರು ಸುಮ್ಮನಾಗಬೇಕಾದೀತು.

ಮೊದಲು ಎಲ್ಲಕ್ಕಿಂತ ಸುಲಭವಾದ ಚಿಗಳಿಯಿಂದ ತೊಡಗೋಣ. ಇದಕ್ಕೆ ಒಲೆ ಬೇಡ, ಆದ್ದರಿಂದ ಚಿಕ್ಕವರಿಗೂ ಭಯವಿಲ್ಲ. ಬೀಜ, ನಾರು ತೆಗೆದ ಹೊಸ ಹುಣಸೆಹಣ್ಣು ಒಂದು ಹಿಡಿ, ಅದಕ್ಕೆ ಸಮನಾಗಿ ಅಥವಾ ತುಸು ಹೆಚ್ಚಾಗಿ ಬೆಲ್ಲ, ಅರ್ಧ ಚಮಚ ಜೀರಿಗೆ, ರುಚಿಗೆ ಉಪ್ಪು, ತಡೆದುಕೊಳ್ಳುವವರಿಗೆ ಸ್ವಲ್ಪ ಖಾರದ ಪುಡಿ. ಎಲ್ಲವನ್ನೂ ಒರಳಿಗೆ ಹಾಕಿ ಒಂದಾಗುವ ತನಕ ಕುಟ್ಟಬೇಕು. ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಹೊಸ ಕಸಬರಿಗೆಯ ಕಡ್ಡಿಗೆ ಚುಚ್ಚಿದರೆ ಮುಗಿಯಿತು. ಕುಟ್ಟುವ ಕೆಲಸವನ್ನು ಹಿರಿಯರು ಕಸಿದುಕೊಳ್ಳಬಾರದು. ತಾನೇ ಕುಟ್ಟಿದ ಚಿಗಳಿಯನ್ನು ಚಪ್ಪರಿಸುತ್ತ ಮಗು ಓಣಿಯಲ್ಲಿ ನಿಂತರೆ ಅರ್ಧ ತಾಸಿನೊಳಗೆ ನಾಲ್ಕು ಮಕ್ಕಳು ಒರಳಿನ ಸುತ್ತ ಸೇರುವುದನ್ನು ನಾವು ಕಂಡಿದ್ದೇವೆ.

ಬಾಯಾರಿಕೆಗೆ ಜೋಳದ ಅಂಬಲಿಯನ್ನು ಮೀರಿಸುವುದು ನಮ್ಮ ನಾಡಿನಲ್ಲಿಲ್ಲ. ಎರಡು ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಸುರಿದು, ಕೈಬಿಡದೆ ತಿರುವಿ ಬೇಯಿಸಿ ಆರಿಸಬೇಕು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಪುಡಿ, ಕೊತ್ತಂಬರಿ ಸೊಪ್ಪು. ಮಣ್ಣಿನ ಗಡಿಗೆಯಲ್ಲಿಟ್ಟರೆ ಮಧ್ಯಾಹ್ನಕ್ಕೆ ಹಿತವಾಗಿ ತಂಪಾಗಿರುತ್ತದೆ.

ಕುರುಡಿಗೆಯದು ತಾಳ್ಮೆಯ ಕೆಲಸ. ಒಂದು ಸೇರು ಗೋಧಿಯನ್ನು ಮೂರು ದಿನ ನೆನೆಯಿಟ್ಟು ದಿನವೂ ನೀರು ಬದಲಿಸಬೇಕು. ನಾಲ್ಕನೆಯ ದಿನ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ರಾತ್ರಿ ಅಲುಗಿಸದೆ ಬಿಡಬೇಕು. ಬೆಳಗಿಗೆ ಮೇಲಿನ ತಿಳಿನೀರು ಚೆಲ್ಲಿದರೆ ಅಡಿಯಲ್ಲಿ ಗಟ್ಟಿ ಹಾಲು ಉಳಿಯುತ್ತದೆ. ಅದೇ ಅಳತೆಯ ನೀರಿಗೆ ಉಪ್ಪು, ಇಂಗು, ಜೀರಿಗೆ ಹಾಕಿ ಕುದಿಸಿ, ಹಾಲನ್ನು ಸುರಿದು, ಹೊಳಪು ಬರುವವರೆಗೆ ತಿರುವಿ ಬೇಯಿಸಬೇಕು. ಬಿಸಿ ಇರುವಾಗಲೇ ಚಕ್ಕಲಿ ಒತ್ತುವ ಒರಳಿನಿಂದ ಬಟ್ಟೆಯ ಮೇಲೆ ಒತ್ತಿ ಎರಡು ಮೂರು ದಿನ ಒಣಗಿಸಬೇಕು. ಒಂದು ವರ್ಷ ನಾವು ಮಾಳಿಗೆಯ ಮೇಲೆ ಎರಡು ಸೇರಿನ ಕುರುಡಿಗೆ ಹರವಿ, ಆಕಾಶ ನಿರ್ಮಲವಾಗಿದೆಯೆಂದು ನಂಬಿ ಮಲಗಿದೆವು. ಭರಣಿ ಮಳೆ ನಡುರಾತ್ರಿ ಬಂದಿತು. ಐದು ದಿನದ ದುಡಿಮೆ ಬೆಳಗಾಗುವಷ್ಟರಲ್ಲಿ ಅಂಟಾಗಿತ್ತು. ಅಂದಿನಿಂದ ಸಂಜೆಯಾಗುತ್ತಲೇ ಬಟ್ಟೆಸಮೇತ ಒಳಗೆ ತರುತ್ತೇವೆ. ಆ ಕೆಲಸ ಮನೆಯ ಮಕ್ಕಳದು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ಹಳೆಯ ಕಾಲದ ಬೇಸಿಗೆಯನ್ನು ಹೊಗಳುವಾಗ ಅದರ ಭಾರ ಹೊತ್ತವರು ಯಾರೆಂಬುದನ್ನು ನಾವು ಮರೆಯುತ್ತೇವೆ. ನಸುಕಿನಲ್ಲೆದ್ದು ನೀರು ತಂದು, ರೊಟ್ಟಿ ಬಡಿದು, ಆ ಮೇಲೆ ಉರಿಯುವ ಮಾಳಿಗೆಯ ಮೇಲೆ ಸಂಡಿಗೆ ಇಟ್ಟವರು ಹೆಣ್ಣುಮಕ್ಕಳು. ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಬಸವ ಜಯಂತಿಯ ವೇದಿಕೆಯಲ್ಲಿ ಮಾತನಾಡಿ ಬಂದ ಗಂಡಸರು, ಮನೆಯಲ್ಲಿ ಗೋಧಿ ಹಾಲು ತಿರುವುವ ಸಟ್ಟುಗವನ್ನು ಮುಟ್ಟುವುದಿಲ್ಲ. ಆ ಹಾಲು ಗಟ್ಟಿಯಾಗುತ್ತ ಬಂದಂತೆ ತಿರುವಲು ತೋಳಬಲ ಬೇಕು. ಅದು ಗಂಡಸರಿಗೆ ತಕ್ಕ ಕೆಲಸವೇ. ಹೀಗೆ ಹಂಚಿಕೊಳ್ಳದಿದ್ದರೆ, ಅಂಗಡಿಯಿಂದ ತರುವುದೇ ಲೇಸೆನ್ನುವ ಸೊಸೆಯಂದಿರನ್ನು ದೂರುವ ಹಕ್ಕು ನಮಗಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೆ ಹೋಗಲಾಗದ ಮೂರು ನಾಲ್ಕು ತಾಸು ಕೈಗೆಲಸದ ಹೊತ್ತು. ಹಳೆಯ ಸೀರೆಗಳ ಪದರ ಜೋಡಿಸಿ ಕೌದಿ ಹೊಲಿಯುವುದು ದೊಡ್ಡವರಿಗಾಯಿತು. ಮಕ್ಕಳಿಗೆ ಕಸೂತಿ ಒಳ್ಳೆಯದು. ಗಜೇಂದ್ರಗಡ ಕೈಮಗ್ಗದ ಸೀರೆಗೆ ಹೆಸರಾದ ಊರು, ಇಳಕಲ್ಲೂ ಹತ್ತಿರವೇ. ಮದುವೆಯ ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಹಾಕುತ್ತಿದ್ದ ಸೀಮೆ ನಮ್ಮದು. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಮಾನ್ಯತೆ ಸಂತೋಷದ್ದೇ, ಆದರೆ ಮನೆಯಲ್ಲಿ ಸೂಜಿ ಹಿಡಿಯುವವರಿಲ್ಲದೆ ಅದರಿಂದೇನು?

ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆಗಳನ್ನು ಎಣಿಸಿಯೇ ಹೋಗಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಒಂದು ಬಿಟ್ಟು ಒಂದರಂತೆ ಹೊಲಿಯುತ್ತ ಹೋಗಿ, ಬಿಟ್ಟ ಜಾಗವನ್ನು ತುಂಬುತ್ತ ಅದೇ ದಾರಿಯಲ್ಲಿ ಮರಳುತ್ತಾರೆ. ಆದ್ದರಿಂದ ಎರಡೂ ಮಗ್ಗುಲು ಒಂದೇ ಸಮನಾಗಿ ಕಾಣುತ್ತದೆ. ಇಂದಿನ ನಯವಾದ ಬಟ್ಟೆಯಲ್ಲಿ ಎಳೆ ಎಣಿಸುವುದು ಮಕ್ಕಳಿಗೆ ಕಷ್ಟ. ಎಳೆ ಎದ್ದು ಕಾಣುವ ಮ್ಯಾಟಿ ಬಟ್ಟೆಯ ಒಂದು ಗೇಣು ತುಂಡು, ಎರಡು ಬಣ್ಣದ ದಾರ ಕೊಟ್ಟರೆ ಸಾಕು. ಮೊದಲ ವಾರ ನೇಗಿಯ ಸಾಲುಗಳು, ಆಮೇಲೆ ಚಿಕ್ಕದೊಂದು ಗೋಪುರ, ಕೊನೆಗೆ ತಮ್ಮೂರ ಜಾತ್ರೆಯ ತೇರು. ಗಂಡುಮಕ್ಕಳಿಗೂ ಕಲಿಸಬೇಕು. ಎಣಿಕೆ ತಪ್ಪಿದರೆ ತೇರು ವಾಲುತ್ತದೆ, ಬಿಚ್ಚಿ ಮತ್ತೆ ಹಾಕಬೇಕಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ತಪ್ಪಿದ್ದಕ್ಕೆ ಅಳುವ ಮಗು ಇಲ್ಲಿ ಅಳುವುದಿಲ್ಲವೆಂಬುದು ನಮ್ಮ ಅನುಭವ.

ಇನ್ನು ಶಾವಿಗೆ. ಕಳೆದ ಬೇಸಿಗೆಯಲ್ಲಿ ರೋಣದ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಆಪ್ತರ ಮನೆಗೆ ಹೋಗಿದ್ದೆವು. ಮನೆಯ ಹಿರಿಯ ತಾಯಿಗೆ ಎಪ್ಪತ್ತೈದರ ಮೇಲೆ ವಯಸ್ಸು. ಅವರ ಕೈಯ ಶಾವಿಗೆ ಸುತ್ತಲ ಊರಿಗೆಲ್ಲ ಹೆಸರಾದದ್ದು. ಈ ಸಲ ಎಷ್ಟು ಸೇರು ಹೊಸೆದಿರೆಂದು ಕೇಳಿದೆವು. ಅವರು ಅಟ್ಟದ ಕಡೆ ಕೈ ತೋರಿಸಿದರು. ಗೀರುಗಳಲ್ಲಿ ಧೂಳು ತುಂಬಿದ ಮಣೆ ಅಲ್ಲಿ ಮಲಗಿತ್ತು.

“ಮಣಿಗೆ ಇಬ್ರು ಬೇಕಲ್ರಿ. ಒಬ್ಬಾಕಿ ಹೊಸದ್ರ ಇನ್ನೊಬ್ಬಾಕಿ ಹಿಡೀಬೇಕು. ನಮ್ಮ ನೆಗೆಣ್ಣಿ ಲಿಂಗೈಕ್ಯ ಆಗಿ ಆರು ವರ್ಷ ಆತು. ಆವಾಗಿಂದ ಇಳಿಸಿಲ್ಲ.”

ನಲವತ್ತು ವರ್ಷ ಒಂದೇ ಮಣೆಯ ಎರಡು ತುದಿಗೆ ಕುಳಿತವರು ಅವರಿಬ್ಬರು. ಸೊಸೆಯಂದಿರು ಊರು ಬಿಟ್ಟು ನೌಕರಿಯಲ್ಲಿದ್ದಾರೆ, ಯಾರದೂ ತಪ್ಪಲ್ಲ. ಹುಬ್ಬಳ್ಳಿಯಿಂದ ರಜೆಗೆ ಬಂದಿದ್ದ ಆರನೆಯ ಇಯತ್ತೆಯ ಮೊಮ್ಮಗ ಬಾಗಿಲಲ್ಲಿ ಮೊಬೈಲು ಹಿಡಿದು ಕುಳಿತಿದ್ದವನು, “ಆಯಿ, ನಾ ಹಿಡಿತೀನಿ ತಗೊ” ಅಂದ. ಅಜ್ಜಿ ನಕ್ಕುಬಿಟ್ಟರು. ಆದರೆ ಮರುದಿನವೇ ಗೋಧಿಗೆ ನೀರು ಚಿಮುಕಿಸಿ ಇಟ್ಟಿದ್ದರು.

ಒಣಹೊಲದ ಗಟ್ಟಿ ಗೋಧಿಯೇ ಶಾವಿಗೆಗೆ ಬೇಕು. ಅದರ ಎಳೆ ಬೇಗ ಹರಿಯುವುದಿಲ್ಲ, ಬೇಯಿಸಿದರೆ ಮುದ್ದೆಯಾಗುವುದಿಲ್ಲ. ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ, ಸಣ್ಣ ರವೆಯನ್ನೂ ಹಿಟ್ಟನ್ನೂ ಕೂಡಿಸಿ, ಚಿಟಿಕೆ ಉಪ್ಪು ಹಾಕಿ ಗಟ್ಟಿಯಾಗಿ ಕಲಸಿ, ಜಿಗುಟು ಬರುವಂತೆ ಕುಟ್ಟುತ್ತಾರೆ. ಇಳಿಜಾರಾಗಿ ಇಟ್ಟ ಮಣೆಯ ಮೇಲ್ತುದಿಯಲ್ಲಿ ಕುಳಿತವರು ಅಂಗೈಯಿಂದ ಕಣಕವನ್ನು ಗೀರುಗಳ ಮೇಲೆ ಹೊಸೆಯುತ್ತ ಕೆಳಗೆ ಇಳಿಸುತ್ತಾರೆ. ಇಳಿದುಬರುವ ಎಳೆಗಳನ್ನು ಕೆಳಗಿನವರು ಹಗುರವಾಗಿ ಹಿಡಿದು ಕೋಲಿನ ಮೇಲೆ ಇಳಿಬಿಡಬೇಕು. ಜಗ್ಗಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಅಂಟಿಕೊಳ್ಳುತ್ತದೆ. ಮೇಲಿನವರ ಕೈಯ ಓಟವನ್ನು ನೋಡಿಯೇ ಕೆಳಗಿನವರ ಕೈ ನಡೆಯಬೇಕು. ಯಂತ್ರದ ಶಾವಿಗೆ ಬಂದು ಬಹಳ ಕಾಲವಾಯಿತು, ಅದನ್ನು ನಾವೂ ತಂದು ಉಣ್ಣುತ್ತೇವೆ. ಒಂದಿಷ್ಟು ದಪ್ಪ, ಅಷ್ಟೆ.

ಮೊದಲ ದಿನ ಹುಡುಗನ ಕೈಯಲ್ಲಿ ಎಳೆ ನಿಲ್ಲಲೇ ಇಲ್ಲ. ಹರಿದುದನ್ನೆಲ್ಲ ಅಜ್ಜಿ ಮತ್ತೆ ಕಣಕಕ್ಕೆ ಸೇರಿಸಿದರು, ಒಂದು ಮಾತೂ ಆಡಲಿಲ್ಲ. “ಆಯಿ, ಸಣ್ಣಾಯಿ ಹೆಂಗ ಹಿಡೀತಿದ್ಳು?” ಎಂದು ಅವನು ಕೇಳಿದ. ಅವರು ಹೊಸೆಯುವುದನ್ನು ನಿಲ್ಲಿಸಿ, ಕೆಳಗಿಳಿದು ಬಂದು, ಅವನ ಎರಡು ಬೆರಳುಗಳನ್ನು ಅಗಲಿಸಿ ತೋರಿಸಿದರು. ಆ ಮೇಲೆ ನೆಗೆಣ್ಣಿಯ ಮಾತು ಮಧ್ಯಾಹ್ನವೆಲ್ಲ ನಡೆಯಿತು. ಆರು ವರ್ಷದಲ್ಲಿ ಅವರ ಬಾಯಿಂದ ಅಷ್ಟು ಮಾತು ಕೇಳಿರಲಿಲ್ಲವೆಂದು ಮಗ ನಮಗೆ ಹೇಳಿದರು.

ನಾಲ್ಕು ದಿನಕ್ಕೆ ಎರಡು ಸೇರು ಆಯಿತು. ಬಸವ ಜಯಂತಿಯಂದು ಅದನ್ನೇ ಬಸಿದು, ಮಾವಿನಹಣ್ಣಿನ ಶೀಕರಣೆಯೊಡನೆ ಮನೆಮಂದಿಯೆಲ್ಲ ಉಂಡೆವು. ಅಜ್ಜಿಯ ಕೈಯ ಎಳೆಗಳು ಕೂದಲಿನಂತಿದ್ದವು. ನಡುನಡುವೆ ಹುಡುಗ ಹಟ ಮಾಡಿ ತಾನೇ ಹೊಸೆದ ದಪ್ಪ ಎಳೆಗಳು ಅರೆಬೆಂದು ಹಲ್ಲಿಗೆ ಸಿಗುತ್ತಿದ್ದವು. ಉಂಡೆದ್ದ ಮೇಲೆ ಮಗ ಮಣೆಯನ್ನು ಒರೆಸಿ ಅಟ್ಟಕ್ಕೆ ಏರಿಸಹೋದರು. ಅಜ್ಜಿ ಬೇಡವೆಂದರು. ಪಡಸಾಲೆಯ ಗೋಡೆಗೆ ಒರಗಿಸಿ ನಿಲ್ಲಿಸಿದರು.