ಒಕ್ಕಣ್ಣಿನ ಮರಿಗಳ ಗುಟ್ಟು

1950ರ ದಶಕದಲ್ಲಿ ಅಮೆರಿಕದ ಐಡಾಹೊ ರಾಜ್ಯದ ಕುರಿ ಸಾಕಣೆದಾರರನ್ನು ವಿಚಿತ್ರ ಸಂಕಟವೊಂದು ಕಾಡಿತು. ಮಂದೆಯಲ್ಲಿ ಹುಟ್ಟುತ್ತಿದ್ದ ಕೆಲವು ಮರಿಗಳಿಗೆ ಮುಖದ ನಡುವೆ ಒಂದೇ ಕಣ್ಣು. ಅವು ಬದುಕುತ್ತಿರಲಿಲ್ಲ. ತಳಿಯಲ್ಲೇ ದೋಷವಿರಬಹುದೆಂಬ ಅನುಮಾನ ಮೊದಲು ಎದ್ದಿತು.

ದೂರು ಕೃಷಿ ಇಲಾಖೆಯ ವಿಜ್ಞಾನಿಗಳನ್ನು ಮುಟ್ಟಿತು. ವೇಯ್ನ್ ಬಿನ್ಸ್ ಅವರ ತಂಡದ ಲಿನ್ ಜೇಮ್ಸ್ ಬೇಸಿಗೆಯಲ್ಲಿ ಮಂದೆಗಳ ಜೊತೆಗೇ ಬೆಟ್ಟದಲ್ಲಿ ಉಳಿದು, ಕುರಿಗಳು ಏನೇನು ಮೇಯುತ್ತವೆಂದು ಗಮನಿಸಿದರು. ಎತ್ತರದ ಜೌಗು ಹುಲ್ಲುಗಾವಲುಗಳಲ್ಲಿ ಆಳೆತ್ತರ ಬೆಳೆಯುವ ಗಿಡವೊಂದರ ಮೇಲೆ ಸಂಶಯ ಬಿತ್ತು. ಅಗಲ ಎಲೆ, ತುದಿಯಲ್ಲಿ ಬಿಳಿ ಹೂಗೊಂಚಲು. ಚಳಿಗೆ ಮೇಲ್ಭಾಗ ಸತ್ತರೂ ಮಣ್ಣಿನೊಳಗಿನ ಗೆಡ್ಡೆಯಿಂದ ಮರುವರ್ಷ ಮತ್ತೆ ಚಿಗುರುತ್ತದೆ. ವೆರಾಟ್ರಮ್ ಕ್ಯಾಲಿಫೋರ್ನಿಕಮ್ ಅದರ ಶಾಸ್ತ್ರೀಯ ಹೆಸರು. ಅಲ್ಲಿನವರು ಕಾರ್ನ್ ಲಿಲಿ ಎನ್ನುತ್ತಾರೆ.

ಗಬ್ಬದ ಕುರಿಗಳಿಗೆ ಅದನ್ನು ತಿನ್ನಿಸಿ ನೋಡಿದಾಗ ಗುಟ್ಟು ಬಯಲಾಯಿತು. ಗಬ್ಬ ನಿಂತ 14ನೇ ದಿನದ ಹೊತ್ತಿಗೆ ಕುರಿ ಈ ಗಿಡ ತಿಂದರೆ ಮರಿ ಒಕ್ಕಣ್ಣಾಗುತ್ತದೆ. ಕುರಿ ಈಯುವುದು ಐದು ತಿಂಗಳಿಗೆ. ಎಂದೋ ತಿಂದ ಮೇವಿಗೂ ಈಗ ಹುಟ್ಟಿದ ಮರಿಗೂ ಯಾರು ತಾನೇ ನಂಟು ಕಲ್ಪಿಸಿಯಾರು? ಆ ಅವಧಿಯಲ್ಲಿ ಕುರಿಗಳನ್ನು ಜೌಗಿನಿಂದ ದೂರವಿಟ್ಟರೆ ಸಾಕು ಎಂಬುದೇ ಪರಿಹಾರವಾಯಿತು.

1960ರ ದಶಕದಲ್ಲಿ ರಿಚರ್ಡ್ ಕೀಲರ್ ಗಿಡದಲ್ಲಿದ್ದ ವಿಷವನ್ನು ಬೇರ್ಪಡಿಸಿದರು. ಅದೇ ಸೈಕ್ಲೊಪಮೈನ್. ಅದು ಭ್ರೂಣದಲ್ಲಿ ಮಾಡುವುದೇನು ಎಂಬುದು ತಿಳಿಯಲು ಇನ್ನೂ ಮೂರು ದಶಕ ಬೇಕಾಯಿತು. 1996ರಲ್ಲಿ, ಸೋನಿಕ್ ಹೆಡ್ಜ್‌ಹಾಗ್ ಎಂಬ ಜೀನ್ ಇಲ್ಲದ ಇಲಿಯ ಭ್ರೂಣಗಳೂ ಒಕ್ಕಣ್ಣಾಗಿರುವುದು ಕಂಡಿತು. ಮಿದುಳು, ಕಣ್ಣುಗಳು ಎಡಬಲವಾಗಿ ಕವಲೊಡೆಯಲು ಆ ಜೀನಿನ ಸಂಕೇತ ಬೇಕು. ಸೈಕ್ಲೊಪಮೈನ್ ತಡೆಯುವುದು ಆ ಸಂಕೇತವನ್ನೇ ಎಂದು 1998ರಲ್ಲಿ ಫಿಲಿಪ್ ಬೀಚಿ ಅವರ ತಂಡ ತೋರಿಸಿತು.

ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಇದೇ ಸಂಕೇತ ನಿಲ್ಲದೆ ನಡೆಯುತ್ತಿರುತ್ತದೆ. ಹಾಗಾದರೆ ಮರಿಯನ್ನು ಕೊಂದ ತಡೆ ಗಡ್ಡೆಯನ್ನೂ ತಡೆಯಬಲ್ಲದಲ್ಲವೆ? ಈ ಹಾದಿಯಲ್ಲೇ ವಿಸ್ಮೊಡೆಗಿಬ್ ಎಂಬ ಔಷಧ ಬಂತು. ಗಿಡದಿಂದ ತೆಗೆದದ್ದಲ್ಲ, ಪ್ರಯೋಗಾಲಯದಲ್ಲಿ ರೂಪಿಸಿದ್ದು. ಆದರೆ ಅದು ಹಿಡಿಯುವುದು ಸೈಕ್ಲೊಪಮೈನ್ ಹಿಡಿಯುವ ಪ್ರೋಟೀನನ್ನೇ. 2012ರ ಜನವರಿಯಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಶಸ್ತ್ರಚಿಕಿತ್ಸೆಗೆ ನಿಲುಕದಷ್ಟು ರೋಗ ಮುಂದುವರಿದವರಿಗೆ ಅದೊಂದು ಆಸರೆ. ಭ್ರೂಣಕ್ಕೆ ಅಪಾಯವಿರುವುದರಿಂದ ಗರ್ಭಿಣಿಯರು ಮಾತ್ರ ಅದನ್ನು ಸೇವಿಸುವಂತಿಲ್ಲ.

ಕುರಿಗಾಹಿಗಳ ದೂರನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಈ ಹಾದಿಯೇ ತೆರೆಯುತ್ತಿರಲಿಲ್ಲ. ಮಂದೆ ಕಾಯುವವರು ಹೇಳುವುದನ್ನು ವಿಜ್ಞಾನ ಕೇಳಿಸಿಕೊಳ್ಳಬೇಕು.