ಜೀವಕೋಶದ ಇಂಧನ ಮತ್ತು ಜೀನ್‌ಗಳ ನಿಯಂತ್ರಣ

ಯಕೃತ್ತಿನ ಕೋಶದಲ್ಲೂ ಚರ್ಮದ ಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಆದರೂ ಅವುಗಳ ಕೆಲಸ ಬೇರೆ ಬೇರೆ. ಏಕೆಂದರೆ ಒಂದೊಂದು ಬಗೆಯ ಕೋಶದಲ್ಲಿ ಕೆಲವು ಜೀನ್‌ಗಳಷ್ಟೇ ಸಕ್ರಿಯವಾಗಿರುತ್ತವೆ. ಈ ನಿಯಂತ್ರಣದಲ್ಲಿ ಕೋಶಕ್ಕೆ ದೊರೆತ ಇಂಧನಕ್ಕೂ ಪಾಲಿದೆ. ಇದು ಹೇಗೆ ಸಾಧ್ಯ?

ಮನುಷ್ಯನ ಒಂದು ಕೋಶದಲ್ಲಿರುವ ಡಿಎನ್‌ಎ ಎಳೆಗಳನ್ನು ಬಿಡಿಸಿ ಸಾಲಾಗಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಉರುಳೆಗೆ ದಾರ ಸುತ್ತಿದಂತೆ ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡು ಪುಟ್ಟ ನ್ಯೂಕ್ಲಿಯಸ್‌ನೊಳಗೆ ಅಡಗಿದೆ. ಈ ಹಿಡಿತದಲ್ಲಿ ನಮಗೆ ಪರಿಚಿತವಾದ ಕೂಲಂಬ್ ಬಲದ ಪಾತ್ರ ಮುಖ್ಯವಾದುದು. ಡಿಎನ್‌ಎಯ ಫಾಸ್ಫೇಟ್ ಗುಂಪುಗಳಲ್ಲಿ ಋಣಾವೇಶವಿದೆ; ಹಿಸ್ಟೋನ್‌ನ ಲೈಸೀನ್ ಘಟಕಗಳಲ್ಲಿ ಧನಾವೇಶವಿದೆ. ಲೈಸೀನ್‌ಗೆ ಅಸಿಟೈಲ್ ಗುಂಪು ಸೇರಿದರೆ ಆ ಧನಾವೇಶ ಇಲ್ಲವಾಗುತ್ತದೆ. ಆಗ ಹಿಡಿತ ಸಡಿಲಗೊಂಡು, ಜೀನ್‌ನಲ್ಲಿರುವ ಮಾಹಿತಿಯನ್ನು ಆರ್‌ಎನ್‌ಎ ಆಗಿ ನಕಲು ಮಾಡುವ ಕಿಣ್ವಕ್ಕೆ ದಾರಿ ಸುಗಮವಾಗುತ್ತದೆ. ಇಂಥ ಸಂಬಂಧವನ್ನು ವಿನ್ಸೆಂಟ್ ಆಲ್‌ಫ್ರೇ ಮತ್ತು ಸಂಗಡಿಗರು 1964ರಲ್ಲೇ ಸೂಚಿಸಿದ್ದರು.

ಈ ಅಸಿಟೈಲ್ ಗುಂಪು ಬರುವುದೆಲ್ಲಿಂದ? ಅಸಿಟೈಲ್ ಕೋಎ ಎಂಬ ಅಣುವಿನಿಂದ. ಗ್ಲೂಕೋಸ್ ವಿಭಜನೆಯ ಫಲವಾಗಿ ಇದು ಮೈಟೊಕಾಂಡ್ರಿಯದೊಳಗೆ ತಯಾರಾಗುತ್ತದೆ. ಆದರೆ ಅಲ್ಲಿನ ಒಳಪೊರೆಯನ್ನು ಇದು ದಾಟಲಾರದು. ಆದ್ದರಿಂದ ಅಸಿಟೈಲ್ ಗುಂಪು ಸಿಟ್ರೇಟ್‌ನ ಭಾಗವಾಗಿ ಹೊರಬರುತ್ತದೆ. ಎಟಿಪಿ-ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಸಿಟ್ರೇಟನ್ನು ಒಡೆದು ಮತ್ತೆ ಅಸಿಟೈಲ್ ಕೋಎ ಒದಗಿಸುತ್ತದೆ.

2009ರಲ್ಲಿ ಕ್ಯಾಥರಿನ್ ವೆಲನ್, ಕ್ರೇಗ್ ಥಾಂಪ್ಸನ್ ಮತ್ತಿತರರು ಈ ಲಯೇಸ್ ಕಿಣ್ವ ಕೋಶದಲ್ಲಿ ತಯಾರಾಗದಂತೆ ತಡೆದು ನೋಡಿದರು. ಹಿಸ್ಟೋನ್‌ಗಳ ಮೇಲಿನ ಅಸಿಟೈಲ್ ಗುಂಪುಗಳು ಕಡಿಮೆಯಾದವು. ಹೊರಗಿನಿಂದ ಅಸಿಟೇಟ್ ಒದಗಿಸಿದಾಗ ಮತ್ತೆ ಹೆಚ್ಚಿದವು. ಕೊರತೆಯಾಗಿದ್ದುದು ಅಸಿಟೈಲ್ ಪೂರೈಕೆಯೇ ಎಂಬುದು ಇದರಿಂದ ಖಚಿತವಾಯಿತು.

ಅಸಿಟೈಲ್ ಗುಂಪನ್ನು ಕಳಚುವ ಕೆಲಸವೂ ಇಂಧನದ ಸ್ಥಿತಿಯನ್ನು ಅವಲಂಬಿಸಿದೆ. ಸರ್ಟುಯಿನ್ ಎಂಬ ಕಿಣ್ವಗಳು ಇದಕ್ಕಾಗಿ ಎನ್‌ಎಡಿ ಅಣುವನ್ನು ಬಳಸುತ್ತವೆ. ಚಯಾಪಚಯ ಕ್ರಿಯೆಗಳಲ್ಲಿ ಇಲೆಕ್ಟ್ರಾನ್‌ಗಳನ್ನು ಸಾಗಿಸುವ ಅಣುವೂ ಇದೇ.

ಹಾಗೆಂದು ಹೆಚ್ಚು ತಿಂದರೆ ಎಲ್ಲ ಜೀನ್‌ಗಳೂ ಚುರುಕಾಗುತ್ತವೆ ಎಂದು ಭಾವಿಸಬಾರದು. ಕಿಣ್ವಗಳನ್ನು ಯಾವ ಜೀನ್‌ನ ಬಳಿಗೆ ಒಯ್ಯಬೇಕೆಂಬುದನ್ನು ನಿರ್ಧರಿಸುವ ಪ್ರೋಟೀನ್‌ಗಳು ಬೇರೆ ಇವೆ. ಇಂಧನ ಒದಗಿಸುವುದು ಕಚ್ಚಾವಸ್ತುವನ್ನು ಮಾತ್ರ.

ಕೆಲವು ಕ್ಯಾನ್ಸರ್‌ಗಳಲ್ಲಿ ಈ ಸಮತೋಲ ತಪ್ಪಿರುತ್ತದೆ. ಅಸಿಟೈಲ್ ಗುಂಪನ್ನು ಕಳಚುವ ಕಿಣ್ವಗಳನ್ನು ತಡೆಯುವ ವೊರಿನೊಸ್ಟಾಟ್ ಎಂಬ ಔಷಧಿಗೆ ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮದ ಚಿಕಿತ್ಸೆಗಾಗಿ 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದಕ್ಕೆ ಪ್ರತಿಯಾಗಿ, ಅಸಿಟೈಲ್ ಗುಂಪನ್ನು ಸೇರಿಸುವ ಕಿಣ್ವಗಳನ್ನು ತಡೆಯುವ ವಸ್ತುವೂ ಇದೆ. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲಕ್ಕೆ ಈ ಗುಣವಿದೆ ಎಂದು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2003ರಲ್ಲಿ ತೋರಿಸಿದರು. ಅದು ಪ್ರಯೋಗಾಲಯದ ಫಲಿತಾಂಶ. ಚರ್ಮ ಸುಡುವ ಆ ಎಣ್ಣೆ ಮನೆಮದ್ದಲ್ಲ.

ಪಠ್ಯಪುಸ್ತಕದಲ್ಲಿ ಗ್ಲೂಕೋಸ್ ವಿಭಜನೆ ಒಂದು ಅಧ್ಯಾಯ, ಜೀನ್‌ಗಳದು ಇನ್ನೊಂದು. ಕೋಶದೊಳಗೆ ಇವೆರಡೂ ಒಂದೇ ಅಸಿಟೈಲ್ ಗುಂಪಿನ ಮೂಲಕ ಕೂಡಿಕೊಂಡಿವೆ.