ಬೆತ್ತ ಹೆಣೆದ ಬೆಂಚು ಮಾಡುವ ಬಗೆ

ನಮ್ಮ ಸಂಘದ ಜಗಲಿಯ ಮೇಲಿದ್ದ ಬೆತ್ತದ ಬೆಂಚು ಕಳೆದ ಮಳೆಗಾಲದಲ್ಲಿ ಮುರಿದುದನ್ನು ಸದಸ್ಯರಲ್ಲಿ ಅನೇಕರು ಬಲ್ಲರು. ಸರದಿ ಕಾಯುತ್ತಿದ್ದ ಹಿರಿಯ ಸದಸ್ಯರೊಬ್ಬರು ಅದರೊಡನೆಯೇ ನೆಲಕ್ಕೆ ಬಂದರು. ಪುಣ್ಯಕ್ಕೆ ಪೆಟ್ಟು ದೊಡ್ಡದಾಗಲಿಲ್ಲ. ಬೆತ್ತದ ಸಹವಾಸವೇ ಬೇಡ, ಪ್ಲಾಸ್ಟಿಕ್ ಕುರ್ಚಿ ತರೋಣವೆಂಬ ಮಾತು ಆಡಳಿತ ಮಂಡಳಿಯಲ್ಲಿ ಬಂತು. ಆದರೆ ಮುರಿದ ಬೆಂಚನ್ನು ತಿರುವಿ ಹಾಕಿ ನೋಡಿದಾಗ ಬೆತ್ತದ ಒಂದು ಎಳೆಯೂ ತುಂಡಾಗಿರಲಿಲ್ಲ. ಮುಂದಿನ ಪಟ್ಟಿಯೇ ತೂತುಗಳ ಸಾಲಿನುದ್ದಕ್ಕೂ ಸೀಳಿತ್ತು.

ತಪ್ಪು ನಮ್ಮದೇ. ಖರ್ಚು ಉಳಿಸಲೆಂದು ಹಸಿ ಸಿಲ್ವರ್ ಓಕ್ ಹಲಗೆ ಕೊಟ್ಟವರೂ ನಾವು, ನಡುವೆ ಅಡ್ಡಪಟ್ಟಿ ಬೇಡವೆಂದವರೂ ನಾವು. ಬಡಗಿ ಬೇಡವೆಂದೇ ಹೇಳಿದ್ದ.

ಬೆತ್ತವನ್ನು ನೆನೆಸಿ ಹೆಣೆಯುತ್ತೇವೆ. ಒಣಗಿದಾಗ ಅದು ಬಿಗಿಯುತ್ತದೆ. ಒಂದು ಎಳೆಯ ಬಿಗಿ ಏನೂ ಅಲ್ಲ. ಆದರೆ ಹತ್ತಾರು ಎಳೆಗಳು ಒಟ್ಟಿಗೆ ಎಳೆದರೆ ನಾಲ್ಕು ಅಡಿ ಉದ್ದದ ಪಟ್ಟಿ ಒಳಕ್ಕೆ ಬಾಗುತ್ತದೆ. ಮೇಲೆ ಜನ ಕುಳಿತಾಗ ಎಳೆತ ಇನ್ನೂ ಹೆಚ್ಚುತ್ತದೆ. ಕುರ್ಚಿಗೆ ಸಾಕಾಗುವ ಚೌಕಟ್ಟು ಬೆಂಚಿಗೆ ಸಾಲದಿರುವುದು ಇದಕ್ಕೇ. ನಡುವೆ ಗಟ್ಟಿಯಾದ ಅಡ್ಡಪಟ್ಟಿ ಕೊಟ್ಟು ಎರಡು ಅಂಕಣ ಮಾಡಿ, ಒಂದೊಂದನ್ನೂ ಬೇರೆಯಾಗಿ ಹೆಣೆಯಬೇಕು.

ಮರಕ್ಕೆ ಹಲಸಿನ ಕೆಚ್ಚು ಉತ್ತಮ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷದ ಲೆಕ್ಕದಲ್ಲಿ ನೆರಳಲ್ಲಿ ಒಣಗಿರಬೇಕು. ಸಿಲ್ವರ್ ಓಕ್ ಕಡಿಯಲು 1976ರ ಮರ ಸಂರಕ್ಷಣಾ ಕಾಯಿದೆಯಲ್ಲಿ ಅನುಮತಿ ಬೇಕಿಲ್ಲವೆಂಬುದು ನಮ್ಮನ್ನು ಆಸೆಗೆ ಬೀಳಿಸಿತ್ತು. ಬೇರೆ ಮರಕ್ಕೆ ಕೈ ಹಾಕುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಕಾಡಿನ ಬೆತ್ತವೂ ಅರಣ್ಯ ಉತ್ಪನ್ನವೇ, ಹೋಗಿ ಕಡಿದು ತರುವಂತಿಲ್ಲ. ಸೀಳಿ ಹದಗೊಳಿಸಿದ ಎಳೆಯನ್ನು ಕೊಳ್ಳುವುದೇ ಲೇಸು. ಹಸಿ ಬೆತ್ತ ಸೀಳಿ ಹೆಣೆದರೆ ಕುಟ್ಟೆ ಹಿಡಿಯುತ್ತದೆ.

ನಮ್ಮ ಹೊಸ ಬೆಂಚಿನ ಅಳತೆ: ಉದ್ದ 48 ಅಂಗುಲ, ಅಗಲ 16, ಎತ್ತರ 17. ಕಾಲು ಎರಡು ಅಂಗುಲ ಚೌಕ. ಚೌಕಟ್ಟಿನ ಪಟ್ಟಿಗಳು ಎರಡೂವರೆ ಅಂಗುಲ ಅಗಲ, ಒಂದೂಕಾಲು ದಪ್ಪ. ಕೂಡುವ ಕಡೆ ಕಬ್ಬಿಣದ ಮೊಳೆ ಬೇಡ. ತೂತು ಕೊರೆದು ಪಟ್ಟಿಯ ತುದಿ ಕೂರಿಸಿ ಬಿದಿರಿನ ಮೊಳೆ ಹೊಡೆಸಿದ್ದೇವೆ. ಮೂರು ಮಿಲಿಮೀಟರ್ ಎಳೆಗೆ ಕಾಲು ಅಂಗುಲದ ತೂತು, ತೂತಿನ ನಡುವಿನಿಂದ ನಡುವಿಗೆ ಐದೆಂಟಾಂಶ (5/8) ಅಂಗುಲ, ಒಳ ಅಂಚಿನಿಂದ ಅರ್ಧ ಅಂಗುಲ. ಅದಕ್ಕಿಂತ ಅಂಚಿಗೆ ಸರಿದರೆ ಸೀಳು ಖಂಡಿತ. ಎದುರುಬದುರು ಪಟ್ಟಿಗಳಲ್ಲಿ ತೂತುಗಳ ಲೆಕ್ಕ ಒಂದೇ ಇರಬೇಕು. ನಡುವಿನ ಅಡ್ಡಪಟ್ಟಿಗೆ ಎರಡು ಸಾಲು. ಒಳ ಅಂಚಿನ ಮೂಲೆಯನ್ನು ಅರದಿಂದ ಉಜ್ಜಿ ದುಂಡಗೆ ಮಾಡದಿದ್ದರೆ ಅದು ಎಳೆಯನ್ನು ನಿಧಾನವಾಗಿ ಕೊಯ್ಯುತ್ತದೆ.

ಎಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಹೊಳಪಿನ ಮೈ ಮೇಲೆ ಬರುವಂತೆ ನಡುವಿನ ತೂತಿನಿಂದ ಆರಂಭಿಸಿ. ಎಳೆ ಜಾರದಂತೆ ತೂತಿಗೆ ಸಣ್ಣ ಮರದ ಬೆಣೆ ಸಿಕ್ಕಿಸುತ್ತ ಹೋಗಬೇಕು. ಮೊದಲು ಹಿಂದಿನಿಂದ ಮುಂದಕ್ಕೆ, ಅದರ ಮೇಲೆ ಎಡದಿಂದ ಬಲಕ್ಕೆ, ಮತ್ತೆ ಹಿಂದಿನಿಂದ ಮುಂದಕ್ಕೆ ಮೊದಲ ಎಳೆಯ ಬಲಪಕ್ಕದಲ್ಲಿ. ಇಲ್ಲಿಯವರೆಗೆ ಹೆಣೆಯುವುದೇ ಇಲ್ಲ, ಬರಿಯ ಹಾಸು. ನಾಲ್ಕನೆಯ ಸುತ್ತಿನಲ್ಲಿ ಅಡ್ಡ ಎಳೆಯನ್ನು ಮೊದಲ ಸುತ್ತಿನ ಎಳೆಗಳ ಕೆಳಗೂ ಮೂರನೆಯದರ ಮೇಲೂ ದಾಟಿಸಬೇಕು. ಐದನೆಯದು ಓರೆ: ಉದ್ದದ ಜೋಡಿಯ ಮೇಲೆ, ಅಡ್ಡ ಜೋಡಿಯ ಕೆಳಗೆ. ಆರನೆಯದು ಎದುರು ಓರೆ, ಕ್ರಮವೂ ಅದರ ವಿರುದ್ಧ. ಸರಿಯಿದ್ದರೆ ಓರೆ ಎಳೆ ಜೋಡಿಗಳ ಸಂದಿನಲ್ಲಿ ಸಲೀಸಾಗಿ ಜಾರುತ್ತದೆ. ತಡೆದು ಕೆರೆದರೆ ಎಲ್ಲೋ ತಪ್ಪಿದೆ, ಬಿಚ್ಚಿರಿ. ಈ ಕೆಲಸವನ್ನು ನಮ್ಮ ದೇಶದಲ್ಲಿ ದೃಷ್ಟಿಹೀನರಿಗೆ ಕಲಿಸುತ್ತ ಬಂದಿದ್ದಾರೆ. ಬೆರಳಿಗೇ ಲೆಕ್ಕ ತಿಳಿಯುವ ಕಸುಬು ಇದು. ಕೊನೆಗೆ ಅಂಚಿನ ತೂತುಗಳ ಮೇಲೆ ಅಗಲದ ಎಳೆಯಿಟ್ಟು ಕಟ್ಟಿದರೆ ಮುಗಿಯಿತು. ಬಹಳ ಬಿಗಿಯಾಗಿ ಎಳೆಯಬೇಡಿ, ಒಣಗುವಾಗ ಬಿಗಿಯಲು ಎಡೆ ಬಿಡಿ.

ವರ್ಷಗಳ ಬಳಿಕ ಜೋತು ಬಿದ್ದರೆ ಬೆಂಚನ್ನು ಬೋರಲು ಹಾಕಿ, ಕೆಳಮೈಗೆ ಬಿಸಿನೀರಿನ ಬಟ್ಟೆ ಹೊದಿಸಿ, ಚೆನ್ನಾಗಿ ನೆನೆದ ಮೇಲೆ ನೆರಳಲ್ಲಿ ಒಣಗಿಸಿ. ಹೊಳಪಿನ ಮೈ ನೀರು ಕುಡಿಯದು, ಒಳಮೈ ಕುಡಿಯುತ್ತದೆ. ಹಾಗಾಗಿ ಕೆಳಗಡೆ ವಾರ್ನಿಷ್ ಬಳಿಯಬಾರದು. ಬೆಂಚಿನ ಮೇಲೆ ನಿಂತು ಅಟ್ಟದ ಸಾಮಾನು ಇಳಿಸುವುದೂ ಸಲ್ಲದು. ಕುಳಿತವರ ಭಾರ ಹರಡುತ್ತದೆ, ನಿಂತವರದು ಹಿಮ್ಮಡಿಯಲ್ಲೇ ಇರುತ್ತದೆ.

ತೂತುಗಳ ಗುರುತು ಹಾಕಿದ ಅಳತೆ ಪಟ್ಟಿಯೊಂದನ್ನು ಕಚೇರಿಯಲ್ಲಿ ಇರಿಸಿದ್ದೇವೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ರುಜು ಮಾಡಿ ಒಯ್ದು, ಹದಿನೈದು ದಿನದೊಳಗೆ ಹಿಂದಿರುಗಿಸತಕ್ಕದ್ದು.